ಬೀಗ ತೆಗೆಯುವವನ ಮಳೆ ಲೆಕ್ಕ

ಊರಲ್ಲಿ ಒಬ್ಬನಿಗೆ ‘ಕಂಪ್ಯೂಟರ್ ಗೊತ್ತು’ ಅನ್ನುವ ಹೆಸರು ಒಂದು ಸಲ ಬಿತ್ತು ಅಂದರೆ ಮುಗಿಯಿತು, ತೊಳೆದರೂ ಹೋಗುವುದಿಲ್ಲ. ನನಗೆ ಆ ಹೆಸರು ಬಂದಿದ್ದು ಏನೂ ದೊಡ್ಡದಾಗಿ ಓದಿ ಅಲ್ಲ. ಬಿ.ಕಾಂ. ಮುಗಿಸಿ ಸ್ವಲ್ಪ ಕಾಲ ಹಾಸನದ ಒಂದು ಡಿಟಿಪಿ ಅಂಗಡಿಯಲ್ಲಿದ್ದೆ. ಲಗ್ನಪತ್ರಿಕೆ, ತಿಥಿ ಕಾರ್ಡು, ಶಾಲೆಯ ಪ್ರಶ್ನೆಪತ್ರಿಕೆ ಹೊಡೆಯುವ ಕೆಲಸ. ಅಪ್ಪ ಹೋದಮೇಲೆ ತೋಟ ನೋಡಿಕೊಳ್ಳುವವರಿಲ್ಲ ಅಂತ ಹೊಂಗಡಹಳ್ಳಕ್ಕೆ ವಾಪಸ್ ಬಂದೆ. ಜೊತೆಗೊಂದು ಹಳೇ ಲ್ಯಾಪ್‌ಟಾಪ್ ಬಂತು. ಅಷ್ಟಕ್ಕೇ ನಾನು ಕಂಪ್ಯೂಟರ್ ಗೌಡ ಆದೆ.

ನಮ್ಮೂರು ಗೊತ್ತಿಲ್ಲದವರಿಗೆ ಎರಡು ಮಾತು. ಸಕಲೇಶಪುರ ತಾಲ್ಲೂಕು, ಹೆತ್ತೂರು ಹೋಬಳಿ, ಬಿಸಿಲೆ ಕಾಡಿನ ಮಗ್ಗುಲು. ಕಾಫಿ, ಮೆಣಸು, ಏಲಕ್ಕಿ, ತಗ್ಗಿನಲ್ಲಿ ಒಂದಷ್ಟು ಗದ್ದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಯಾವತ್ತು ಬರುತ್ತೆ ಅಂತ ಇಲ್ಲಿ ಯಾರೂ ಕೇಳುವುದಿಲ್ಲ. ಫೋನಿಗೆ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಇಂಥ ಕಡೆ ಕಂಪ್ಯೂಟರ್ ಗೊತ್ತಿರುವವನು ಅಂದರೆ ಪಹಣಿ ತೆಗೆಯುವವನೂ ಅವನೇ, ಪ್ರಿಂಟರ್ ರಿಪೇರಿಯವನೂ ಅವನೇ, ಮಗಳ ಕಾಲೇಜು ಪ್ರಾಜೆಕ್ಟು ಸರಿಮಾಡಿಕೊಡುವವನೂ ಅವನೇ.

ಅದರಲ್ಲೂ ನನಗೆ ಒಂದು ವಿಶೇಷ ಖ್ಯಾತಿ ಇತ್ತು. ‘ಫೈಲಿನ ಬೀಗ ತೆಗೀತಾನೆ’ ಅಂತ. ಯಾರಾದರೂ ಕೊಟ್ಟ ಪವರ್‌ಪಾಯಿಂಟ್ ಫೈಲು ತೆರೆದರೆ ಓದಬಹುದು, ತಿದ್ದಲು ಬಿಡುವುದಿಲ್ಲ. ಅಂಥದ್ದನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಮೇಷ್ಟ್ರುಗಳು, ಸಂಘದವರು, ಪಂಚಾಯ್ತಿಯ ಹುಡುಗರು ಬರುತ್ತಿದ್ದರು. ನಾನು ಸ್ವಲ್ಪ ಹುಬ್ಬು ಗಂಟಿಕ್ಕಿ, ಒಂದೆರಡು ಸಲ ‘ಹೂಂ’ ಅಂದು, ಬೀಗ ತೆಗೆದು ಕೊಡುತ್ತಿದ್ದೆ.

ನಿಜ ಹೇಳಬೇಕೆಂದರೆ ಬಂದವುಗಳಲ್ಲಿ ಮುಕ್ಕಾಲು ಪಾಲು ಬೀಗವೇ ಅಲ್ಲ. ವಾಟ್ಸಾಪಿನಲ್ಲೋ ಇಮೇಲಿನಲ್ಲೋ ಬಂದ ಫೈಲಾದರೆ ವಿಂಡೋಸು ಅದರ ಮೇಲೊಂದು ಗುರುತು ಹಾಕಿರುತ್ತದೆ, ಹೊರಗಿನಿಂದ ಬಂದದ್ದು ಅಂತ. ಮೇಲೆ ಹಳದಿ ಪಟ್ಟಿ ಬರುತ್ತದೆ, ‘ಎನೇಬಲ್ ಎಡಿಟಿಂಗ್’ ಅಂತ ಅದರಲ್ಲೇ ಬರೆದಿರುತ್ತದೆ. ಒತ್ತಿದರೆ ಆಯಿತು. ಇನ್ನು ಕೆಲವರು ‘ಮಾರ್ಕ್ ಆಸ್ ಫೈನಲ್’ ಮಾಡಿ ಕೊಟ್ಟಿರುತ್ತಾರೆ. ಅದು ಬರೀ ಚೀಟಿ, ‘ನನ್ನ ಕೆಲಸ ಮುಗಿದಿದೆ’ ಅಂತ. ‘ಎಡಿಟ್ ಎನಿವೇ’ ಅಂದರೆ ತಕರಾರಿಲ್ಲದೆ ಬಿಟ್ಟುಕೊಡುತ್ತದೆ. ಹಳೇ ಸೀಡಿಯಿಂದ ಇಳಿಸಿಕೊಂಡದ್ದಾದರೆ ಪ್ರಾಪರ್ಟೀಸಿಗೆ ಹೋಗಿ ‘ರೀಡ್ ಓನ್ಲಿ’ ಮುಂದಿನ ಸರಿ ಗುರುತು ತೆಗೆಯಬೇಕು. ತೆರೆದ ಕೂಡಲೇ ಪರದೆ ತುಂಬ ಓಡಲು ಶುರು ಮಾಡುವ ಫೈಲಾದರೆ ಹೆಸರಿನ ಕೊನೆಯಲ್ಲಿ ಪಿಪಿಎಸ್‌ಎಕ್ಸ್ ಅಂತ ಇರುತ್ತದೆ, ಅದನ್ನು ಪಿಪಿಟಿಎಕ್ಸ್ ಅಂತ ಬದಲಾಯಿಸಿದರೆ ಸಾಕು. ಒಮ್ಮೆ ಒಬ್ಬ ಮೇಷ್ಟ್ರು ಎರಡು ಬಸ್ಸು ಬದಲಾಯಿಸಿಕೊಂಡು ಬಂದಿದ್ದರು. ಅವರ ಪೆನ್‌ಡ್ರೈವಿನ ಪಕ್ಕದಲ್ಲೇ ಪುಟ್ಟ ಗುಂಡಿಯೊಂದಿತ್ತು, ಬರೆಯಲು ಬಿಡಬೇಡ ಅನ್ನುವ ಕಡೆಗೆ ಸರಿದು ಕೂತಿತ್ತು. ಅವರು ಕಾಫಿ ಕುಡಿಯುವಾಗ ಉಗುರಿನಲ್ಲಿ ಅದನ್ನು ಈಚೆಗೆ ಸರಿಸಿದೆ. ಆದರೆ ಬಾಯಿ ಬಿಡಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕೀಲಿಮಣೆ ಕುಟ್ಟಿ ‘ಆಯ್ತು ಸಾರ್’ ಅಂದೆ. ಅವರು ಕೈ ಮುಗಿದು ಹೋದರು. ಇದನ್ನು ಯಾಕೆ ಹೇಳಿದೆ ಅಂದರೆ, ಆಮೇಲೆ ನಡೆದದ್ದಕ್ಕೆ ಬೇರು ಇಲ್ಲೇ ಇತ್ತು.

2018ರ ಆಗಸ್ಟ್ ಯಾರಿಗೂ ಮರೆತಿರುವುದಿಲ್ಲ. ಕೊಡಗಿನಲ್ಲಿ ಗುಡ್ಡಗಳೇ ಜಾರಿ ಊರು ಮುಚ್ಚಿದವು. ನಮ್ಮ ಕಡೆ ಶಿರಾಡಿ ಘಾಟಿ ಬಂದ್, ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆ ಹೋಗುವ ರೈಲು ಹಳಿಯ ಮೇಲೆ ಮಣ್ಣು. ತೋಟದೊಳಗೆ ಕಾಲಿಟ್ಟರೆ ಪಚ್ ಪಚ್. ಅರೇಬಿಕಾ ಗಿಡದ ಕೆಳಗೆ ಹಸಿರು ಕಾಯಿ ಉದುರಿ ಹಾಸಿಕೊಂಡಿದ್ದವು. ಕೊಂಬೆಗೆ ಕೊಳೆರೋಗ ಬಂದು ಎಲೆ ಕಪ್ಪಾಗಿ, ಬಿದ್ದೂ ಬೀಳದ ಹಾಗೆ ದಾರದಂಥ ಎಳೆಯಲ್ಲಿ ನೇತಾಡುತ್ತಿದ್ದವು. ಮೆಣಸಿನ ಬಳ್ಳಿ ಬುಡದಿಂದಲೇ ಹಳದಿ.

ಮಳೆ ಸ್ವಲ್ಪ ಬಿಟ್ಟಮೇಲೆ ನಷ್ಟ ನೋಡಲು ಅಧಿಕಾರಿಗಳು ಬರುತ್ತಾರೆ, ಬೆಳೆಗಾರರ ಸಭೆ ಇದೆ ಅಂತ ಸುದ್ದಿ ಬಂತು. ಬೆಳೆಗಾರರ ಸಂಘದವರು ಸೇರಿದರು. ಬಾಯಲ್ಲಿ ಹೇಳಿದರೆ ಗಲಾಟೆ ಆಗುತ್ತೆ, ಪರದೆ ಮೇಲೆ ತೋರಿಸೋಣ ಅಂತ ತೀರ್ಮಾನ ಆಯಿತು. ಅದಕ್ಕೆ ಬೇಕಾದ ಸ್ಲೈಡುಗಳು ಆಗಲೇ ಸಿದ್ಧ ಇದ್ದವು. ಕಾಫಿ ಕಾಯಿ ಉದುರುವುದರ ಮೇಲೆ ಕೆಲಸ ಮಾಡುತ್ತಿದ್ದ ಒಬ್ಬ ವಿಜ್ಞಾನಿ, ನಾವೆಲ್ಲ ‘ಮೇಡಂ’ ಅನ್ನುತ್ತಿದ್ದ ಚಿಕ್ಕ ವಯಸ್ಸಿನ ಹೆಣ್ಣುಮಗಳು, ತೋಟ ತೋಟ ಸುತ್ತಿ ಫೋಟೋ ತೆಗೆದು, ಹೋಬಳಿವಾರು ಮಳೆಯ ಕಂಬಚಿತ್ರ ಹಾಕಿ, ಬಹಳ ಚೊಕ್ಕವಾಗಿ ಮಾಡಿದ್ದರು. ಸಂಘ ಕೇಳಿದ ಕೂಡಲೇ ಫೈಲು ಕೊಟ್ಟರು. ಪ್ರತಿ ಸ್ಲೈಡಿನ ಕೆಳಗೆ ಅವರ ಹೆಸರು, ಹುದ್ದೆ. ಮಳೆಯ ಸ್ಲೈಡಿನ ಕೆಳಗೆ ಸಣ್ಣ ಅಕ್ಷರದಲ್ಲಿ, ಅಂಕಿಗಳು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವು ಅಂತ. ಈ ಕೇಂದ್ರದವರು ರಾಜ್ಯದಲ್ಲಿ ಗ್ರಾಮ ಪಂಚಾಯ್ತಿಗೊಂದರಂತೆ ತಾನೇ ಅಂಕಿ ಕಳಿಸುವ ಮಳೆಮಾಪಕ ಕೂರಿಸಿದ್ದಾರೆ.

ಸಭೆಯಲ್ಲಿ ಕಂಪ್ಯೂಟರ್ ಓಡಿಸುವ ಕೆಲಸ ನನಗೆ ಬಿತ್ತು. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ.

ನನಗೆ ಕಂಡದ್ದು ಒಂದೇ ಕೊರತೆ: ಅದರಲ್ಲಿ ನಮ್ಮೂರಿನ ಕಂಬ ಇರಲಿಲ್ಲ. ಹೋಬಳಿ ಇತ್ತು, ಹೊಂಗಡಹಳ್ಳ ಇರಲಿಲ್ಲ. ನಮ್ಮ ಮೇಲಿನಮನೆ ದೊಡ್ಡಪ್ಪನ ಮನೆಯಲ್ಲಿ ಅಂಗಳದ ಮೂಲೆಗೆ ಮಳೆಮಾಪಕ ಇದೆ. ಮಲೆನಾಡಿನ ಹಳೇ ತೋಟಗಳಲ್ಲೆಲ್ಲ ಇದ್ದದ್ದೇ. ಬೆಳಿಗ್ಗೆ ಎದ್ದು ಮುಖ ತೊಳೆದು, ಕಂಬಳಿ ಹೊದ್ದು, ಡಬ್ಬದ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಒಳಗೆ ಬಂದು ಉದ್ದನೆಯ ಲೆಡ್ಜರಿನಲ್ಲಿ ಬರೆದ ಮೇಲೆಯೇ ದೊಡ್ಡಪ್ಪ ಕಾಫಿ ಕುಡಿಯುವುದು. ನಮ್ಮಲ್ಲಿ ಮಳೆ ಹೇಳುವುದು ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ‘ರಾತ್ರಿ ಎಷ್ಟು ಹೊಡೀತು?’ ಅಂದರೆ ‘ಮೂರು ಇಪ್ಪತ್ತು’ ಅಂತ ಉತ್ತರ. ಇಂಚು ಯಾವುದು ಸೆಂಟು ಯಾವುದು ಅಂತ ಬಿಡಿಸಿ ಯಾರೂ ಹೇಳುವುದಿಲ್ಲ. ನಾನೂ ಇದೇ ಮಣ್ಣಿನಲ್ಲಿ ಹುಟ್ಟಿದವನು, ಸೆಂಟು ಗೊತ್ತಿಲ್ಲದವನಲ್ಲ ಅನ್ನುವುದನ್ನು ನೀವು ನೆನಪಿಟ್ಟುಕೊಳ್ಳಬೇಕು.

ದೊಡ್ಡಪ್ಪನ ಲೆಡ್ಜರು ತಂದು, ಮೇಡಂ ಕೊಟ್ಟ ಫೈಲು ತೆರೆದೆ. ಪೆಟ್ಟಿಗೆಯೊಂದು ಮೂಡಿತು: ತಿದ್ದಬೇಕಾದರೆ ಪಾಸ್‌ವರ್ಡ್ ಕೊಡಿ, ಇಲ್ಲವಾದರೆ ಓದಲು ಮಾತ್ರ ತೆರೆಯಿರಿ.

ಇದು ಸ್ವಲ್ಪ ಗಟ್ಟಿ ಜಾತಿ. ಹೊರಗಿನ ಹಳದಿ ಪಟ್ಟಿ ಅಲ್ಲ, ಬೇಕೆಂದೇ ಹಾಕಿದ್ದು. ಗುಡ್ಡ ಹತ್ತಿ ಮೇಡಂಗೆ ಒಂದು ಫೋನು ಮಾಡಬಹುದಿತ್ತು. ಮಳೆ ಹನಿಯುತ್ತಿತ್ತು ಅನ್ನುವುದು ನೆಪ. ಕೇಳಿದರೆ ನನ್ನ ಖ್ಯಾತಿಗೆ ಕಡಿಮೆ ಅನ್ನುವುದು ನಿಜ. ಬೀಗ ತೆಗೆಯುವವನು ಹೋಗಿ ಕೀಲಿ ಕೊಡಿ ಅಂತ ಕೇಳುವುದುಂಟೇ?

ತೆಗೆಯುವ ದಾರಿ ನನಗೆ ಗೊತ್ತಿತ್ತು. 2007ರ ಆಫೀಸಿನಿಂದ ಈಚೆಗೆ ಬಂದ ಪಿಪಿಟಿಎಕ್ಸ್ ಫೈಲು ಒಂದೇ ಫೈಲಲ್ಲ, ಒಳಗೆ ಹತ್ತಾರು ಸಣ್ಣ ಫೈಲುಗಳನ್ನು ತುಂಬಿ ಬಾಯಿ ಕಟ್ಟಿದ ಜಿಪ್. ಹೆಸರಿನ ಕೊನೆಗೆ ಜಿಪ್ ಅಂತ ಹಾಕಿ ಬಿಚ್ಚಿದರೆ ಒಳಗೆ ಪಿಪಿಟಿ ಅಂತ ಒಂದು ಫೋಲ್ಡರು, ಅದರಲ್ಲಿ ಪ್ರೆಸೆಂಟೇಶನ್ ಅನ್ನುವ ಎಕ್ಸ್‌ಎಂಎಲ್ ಫೈಲು. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ‘ಮಾಡಿಫೈವೆರಿಫೈಯರ್’ ಅನ್ನುವ ಪದ ಹುಡುಕಿದರೆ, ಅದರ ಜೊತೆಗೆ ಅರ್ಥವಾಗದ ಅಕ್ಷರಗಳ ಒಂದು ಸರ. ಅಷ್ಟೇ ಬೀಗ. ಆ ತುಂಡನ್ನು ಅಳಿಸಿ, ಮತ್ತೆ ಜಿಪ್ ಮಾಡಿ, ಹೆಸರು ಮೊದಲಿನಂತೆ ಮಾಡಿದರೆ ಫೈಲು ಪಾಸ್‌ವರ್ಡ್ ಕೇಳುವುದನ್ನೇ ಮರೆತುಬಿಡುತ್ತದೆ. ತೆರೆಯಲಿಕ್ಕೇ ಪಾಸ್‌ವರ್ಡ್ ಹಾಕಿದ್ದರೆ ಈ ಆಟ ನಡೆಯುವುದಿಲ್ಲ, ಅಲ್ಲಿ ಇಡೀ ಫೈಲೇ ಗೂಢಲಿಪಿಗೆ ಹೋಗಿರುತ್ತದೆ. ಆದರೆ ತಿದ್ದುವುದಕ್ಕೆ ಮಾತ್ರ ಹಾಕಿದ ಪಾಸ್‌ವರ್ಡ್ ಒಳಗಿನ ಅಕ್ಷರಗಳನ್ನು ಮುಚ್ಚುವುದೇ ಇಲ್ಲ.

ಮೊದಲ ಸಲ ಹೊರಗಿನ ಫೋಲ್ಡರಿನ ಸಮೇತ ಜಿಪ್ ಮಾಡಿದ್ದರಿಂದ ಫೈಲು ಕೆಟ್ಟಿದೆ, ರಿಪೇರಿ ಮಾಡಲೇ ಅಂತ ಪವರ್‌ಪಾಯಿಂಟು ಕೇಳಿತು. ಇನ್ನೊಂದು ನಕಲು ತೆಗೆದುಕೊಂಡು, ಸೆವೆನ್‌ಜಿಪ್‌ನಲ್ಲಿ ಕಟ್ಟು ಬಿಚ್ಚದೆಯೇ ಒಳಗಿನ ಫೈಲು ತಿದ್ದಿದೆ. ತೆರೆಯಿತು. ಮನೆಯಾಕೆ ನೋಡುತ್ತಿದ್ದಳು. ‘ಅವರಿಗೆ ಹೇಳಿದ್ರಾ?’ ಅಂದಳು. ‘ಹೇಳೋಕೇನಿದೆ, ನಮ್ಮೂರಿನ ಲೆಕ್ಕ ಸೇರಿಸ್ತಿದೀನಿ ಅಷ್ಟೆ’ ಅಂದೆ. ಅವಳು ಒಳಗೆ ಹೋದಳು.

ಕಂಬಚಿತ್ರದ ಅಂಕಿಗಳು ಮಿಲಿಮೀಟರಿನಲ್ಲಿದ್ದವು. ಒಂದು ಇಂಚಿಗೆ 25.4 ಮಿಲಿಮೀಟರು. ದೊಡ್ಡಪ್ಪನ ಲೆಡ್ಜರು ನೋಡಿ ಎಕ್ಸೆಲ್ಲಿನಲ್ಲಿ ದಿನಕ್ಕೊಂದರಂತೆ ಇಂಚು ಹೊಡೆಯುತ್ತಾ ಹೋದೆ. ಕರೆಂಟಿಲ್ಲ, ಬ್ಯಾಟರಿ ಇಳಿಯುತ್ತಿದೆ, ಎಮರ್ಜೆನ್ಸಿ ಲೈಟಿನ ಬೆಳಕು. ದೊಡ್ಡಪ್ಪ ಇಂಚಿಗೂ ಸೆಂಟಿಗೂ ನಡುವೆ ಸಣ್ಣ ಅಡ್ಡಗೆರೆ ಹಾಕುತ್ತಾರೆ. 6-50 ಅಂತ ಇದ್ದರೆ ಆರು ಇಂಚು ಐವತ್ತು ಸೆಂಟು, ಅಂದರೆ 6.5. ಅದನ್ನು ಸರಿಯಾಗಿ ಹೊಡೆದೆ. 6-5 ಅಂತ ಇದ್ದರೆ? ಆರು ಇಂಚು ಐದು ಸೆಂಟು. ಅಂದರೆ 6.05. ನಾನು ಅದಕ್ಕೂ 6.5 ಹೊಡೆದೆ. 153.67 ಮಿಲಿಮೀಟರು ಆಗಬೇಕಾದ್ದು 165.1 ಆಯಿತು. 3-9 ಅನ್ನುವುದನ್ನು 3.9 ಮಾಡಿದೆ, ಅದು 3.09. ಒಂದೇ ದಿನಕ್ಕೆ ಮುಕ್ಕಾಲು ಇಂಚಿಗೂ ಜಾಸ್ತಿ ಮಳೆಯನ್ನು ನಾನೇ ಸುರಿಸಿದೆ. ಒಂದೇ ಪುಟದಲ್ಲಿ 6-50ಯೂ 6-5 ಕೂಡ ಇದ್ದವು, ಒಂದರ ಕೆಳಗೊಂದು. ಎರಡೂ ಒಂದೇ ಆಗಿದ್ದರೆ ಮನುಷ್ಯ ಎರಡು ಥರ ಯಾಕೆ ಬರೆಯುತ್ತಾನೆ ಅಂತ ತಲೆಗೆ ಹೊಳೆಯಲಿಲ್ಲ. ತಪ್ಪು ಆದದ್ದೆಲ್ಲ ಒಂದೇ ಕಡೆಗೆ, ಮೇಲಕ್ಕೆ. ಹಾಗಾಗಿ ಕೊನೆಗೆ ನಮ್ಮೂರಿನ ಕಂಬ ಮಿಕ್ಕೆಲ್ಲವನ್ನೂ ಮೀರಿ ನಿಂತಾಗ ನನಗೆ ಅನುಮಾನ ಬರುವ ಬದಲು ಖುಷಿ ಆಯಿತು. ‘ನೋಡು, ನಾನು ಹೇಳಿರಲಿಲ್ವಾ’ ಅಂತ ಯಾರಿಗೋ ಹೇಳುವಷ್ಟು ಖುಷಿ. ಕಂಬಕ್ಕೆ ಕೆಂಪು ಬಣ್ಣ ಹಚ್ಚಿದೆ. ಪಕ್ಕದಲ್ಲಿ ಅತಿ ಹೆಚ್ಚು ಮಳೆ ಬಿದ್ದ ದಿನಗಳ ಪಟ್ಟಿಯೊಂದನ್ನು ಸೇರಿಸಿದೆ, ಇಂಚೂ ಮಿಲಿಮೀಟರೂ ಎರಡೂ ಕಾಣುವ ಹಾಗೆ. ಸ್ಲೈಡಿನ ಕೆಳಗೆ ಮೇಡಂ ಹೆಸರು ಹಾಗೇ ಇತ್ತು. ಅಂಕಿಗಳು ಯಾವ ಕೇಂದ್ರದವು ಅನ್ನುವ ಸಣ್ಣ ಅಕ್ಷರದ ಸಾಲೂ ಹಾಗೇ ಇತ್ತು.

ಸಭೆಗೆ ಜನ ತುಂಬಿದ್ದರು. ಮುಂದಿನ ಸಾಲಿನಲ್ಲಿ ದೊಡ್ಡಪ್ಪ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು. ತಮ್ಮ ಲೆಡ್ಜರು ಪರದೆ ಮೇಲೆ ಬರುತ್ತದೆ ಅಂತ ನಾನೇ ಹೇಳಿದ್ದೆ. ಎರಡನೇ ಸಾಲಿನಲ್ಲಿ ಮೇಡಂ. ಅವರು ಬರುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ.

ಫೋಟೋಗಳು ಬಂದಾಗ ಸಭೆ ನಿಶ್ಶಬ್ದ. ಉದುರಿದ ಕಾಯಿಯ ರಾಶಿ ನೋಡಿ ಅಧಿಕಾರಿ ಮುಂದಕ್ಕೆ ಬಾಗಿ ಕೂತರು. ಆಮೇಲೆ ನನ್ನ ಕೆಂಪು ಕಂಬ ಬಂತು. ಅಧಿಕಾರಿ ಅದನ್ನೇ ನೋಡಿದರು. ಪಕ್ಕದವರು ಮೊಬೈಲು ತೆಗೆದು ಏನೋ ತೋರಿಸಿದರು. ‘ಇದು ವಿಕೋಪ ಉಸ್ತುವಾರಿ ಕೇಂದ್ರದ ಅಂಕಿ ಅಂತ ಕೆಳಗೆ ಬರೆದಿದೆ. ನಮ್ಮ ಹತ್ತಿರ ಇರೋದಕ್ಕೂ ಇದಕ್ಕೂ ಹೊಂದ್ತಾ ಇಲ್ವಲ್ಲ. ಮಲೆನಾಡಲ್ಲಿ ಒಂದೆರಡು ಮೈಲಿಗೆ ಮಳೆ ಬೇರೆ ಆಗುತ್ತೆ, ಒಪ್ತೀನಿ. ಆದ್ರೂ ಇಷ್ಟೊಂದಾ?’ ಅಂದರು. ಮೇಡಂ ಕಡೆ ತಿರುಗಿ, ‘ನಿಮ್ಮದಲ್ವಾ ಮೇಡಂ ಇದು?’

ಮೇಡಂ ಎದ್ದು ನಿಂತರು. ಪರದೆಯ ಕೆಳಗಿದ್ದ ತಮ್ಮ ಹೆಸರನ್ನು ಒಮ್ಮೆ ಓದಿದರು ಅನ್ನಿಸಿತು. ‘ಹೆಸರು ನಂದೇ ಸಾರ್. ಈ ಸ್ಲೈಡ್ ನಂದಲ್ಲ.’

ಸಭೆಯ ಅಷ್ಟೂ ಮುಖ ಲ್ಯಾಪ್‌ಟಾಪಿನ ಕಡೆ ತಿರುಗಿತು. ಅದರ ಹಿಂದೆ ನಾನು.

ಇಲ್ಲಿಯವರೆಗೆ ಬರೆದದ್ದೆಲ್ಲ ಸುಲಭ. ಮುಂದಿನ ಸಾಲು ಬರೆಯಲು ಕಷ್ಟ. ನಾನು ಎದ್ದು ನಿಂತು, ‘ಫೈಲು ಕರಪ್ಟ್ ಆಗಿರಬೇಕು ಸಾರ್’ ಅಂದೆ. ಯಾರೂ ಹೇಳಿಕೊಟ್ಟದ್ದಲ್ಲ, ತಾನೇ ಬಾಯಿಗೆ ಬಂತು. ಬೀಗ ಮುರಿದವನ ಬಾಯಲ್ಲಿ ಫೈಲಿನ ಮೇಲೆ ದೂರು.

ಅಷ್ಟರಲ್ಲಿ ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರಕ್ಕೇ ಹೋಗಿದ್ದರು. ಪಟ್ಟಿಯ ಮೇಲೆ ಬೆರಳಿಟ್ಟು, ‘ಆರೂವರೆ ಅಂತ ಎರಡು ದಿನ ಹಾಕಿದೀಯಲ್ಲೋ. ಒಂದು ದಿನ ಆರೂವರೆ ಹೌದು. ಇನ್ನೊಂದು ದಿನ ನಾನು ಬರೆದಿದ್ದು ಆರಿಂಚು ಐದು ಸೆಂಟು’ ಅಂದರು. ಆಮೇಲೆ ನನ್ನ ಕಡೆ ತಿರುಗಿ, ‘ಕರಪ್ಟ್ ಆಗಿರೋದು ಫೈಲಲ್ಲ ಕಣೋ’ ಅಂದರು. ಹಿಂದಿನ ಸಾಲಿನಿಂದ ಯಾರೋ ನಕ್ಕರು. ದೊಡ್ಡಪ್ಪ ನಗಲಿಲ್ಲ.

ಅಧಿಕಾರಿ ಒಳ್ಳೆಯವರು, ಬೆಳೆಸಲಿಲ್ಲ. ‘ಪರದೆ ಆಫ್ ಮಾಡಿ, ತೋಟಕ್ಕೇ ಹೋಗೋಣ’ ಅಂದರು. ನಷ್ಟದ ಲೆಕ್ಕ ಮಳೆಯ ಇಂಚಿನ ಮೇಲೆ ನಡೆಯುವುದೇ ಅಲ್ಲ ಅನ್ನುವುದು ನನಗೆ ಅವತ್ತು ತಿಳಿದದ್ದು. ಜಂಟಿ ಸಮೀಕ್ಷೆಯವರು ತೋಟಕ್ಕೆ ಬಂದು ಬೆಳೆ ಶೇಕಡಾ 33ಕ್ಕೆ ಕಡಿಮೆ ಇಲ್ಲದಂತೆ ಹೋಗಿದೆಯೇ ನೋಡುತ್ತಾರೆ. ಹೋಗಿದ್ದರೆ ಬಹುವಾರ್ಷಿಕ ಬೆಳೆಗೆ ಆಗಿನ ನಿಯಮದಲ್ಲಿ ಹೆಕ್ಟೇರಿಗೆ 18,000 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯೊಳಗೆ. ನನ್ನ ಕೆಂಪು ಕಂಬ ಆಕಾಶ ಮುಟ್ಟಿದ್ದರೂ ಒಬ್ಬ ಬೆಳೆಗಾರನಿಗೆ ಒಂದು ರೂಪಾಯಿ ಜಾಸ್ತಿ ಬರುತ್ತಿರಲಿಲ್ಲ. ಮೇಡಂ ತೆಗೆದ ಫೋಟೋಗಳಿಗೆ ಮಾತ್ರ ಬೆಲೆಯಿತ್ತು. ಅವುಗಳ ಮೇಲೂ ಅನುಮಾನ ಬರುವ ಹಾಗೆ ನಾನು ಮಾಡಿಟ್ಟಿದ್ದೆ.

ವಾಪಸ್ ಬರುವಾಗ ಜೀಪಿನಲ್ಲಿ ದೊಡ್ಡಪ್ಪ ಬಹಳ ದೂರದವರೆಗೆ ಮಾತಾಡಲಿಲ್ಲ. ಆಮೇಲೆ ಹೇಳಿದ್ದು ಗುಂಡ್ಯದ ವಿಷಯ. ನಮ್ಮೂರಿನ ಹೆಸರು ಪೇಪರಿನಲ್ಲಿ ಹೆಚ್ಚು ಬಂದದ್ದು ಆ ಜಲವಿದ್ಯುತ್ ಯೋಜನೆಯ ಕಾಲದಲ್ಲಿ. ಎತ್ತಿನಹೊಳೆ, ಕೇರಿಹೊಳೆ, ಹೊಂಗಡಹಳ್ಳದ ನೀರನ್ನೆಲ್ಲ ತಿರುಗಿಸಿ, ಬೆಟ್ಟಕುಮರಿಯಲ್ಲಿ ಅಣೆಕಟ್ಟು ಕಟ್ಟಿ, 200 ಮೆಗಾವ್ಯಾಟ್ ವಿದ್ಯುತ್ ತೆಗೆಯುವ ಯೋಜನೆ ಅದು. 2010ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಮಾಧವ ಗಾಡ್ಗೀಳ್ ಸಮಿತಿ ಮರುವರ್ಷ ಕೊಟ್ಟ ವರದಿಯಲ್ಲಿ ಇದಕ್ಕೆ ಅನುಮತಿ ಬೇಡ ಅಂದಿತು. ಆಗೆಲ್ಲ ಊರಿನಲ್ಲಿ ಸಭೆ ಆದರೆ ಇದೇ ಮಾತು: ಎಷ್ಟು ಕಾಡು ಮುಳುಗುತ್ತೆ ಅಂತ ಅವರು ಹೇಳೋದು ಸರಿಯಾ, ಎಷ್ಟು ನೀರು ಅಂತ ಬರೆದಿರೋದು ಸರಿಯಾ. ದೊಡ್ಡಪ್ಪ ಅದನ್ನೇ ಎತ್ತಿದರು. ‘ಆವಾಗ ಅವರ ಲೆಕ್ಕ ನಂಬಬೇಡಿ ಅಂತ ಕೂಗಾಡಿದೋರು ನಾವು. ಈಗ ನಮ್ಮ ಲೆಕ್ಕ ಯಾರು ನಂಬ್ತಾರೆ?’ ನಾನು ಹೊರಗೆ ನೋಡುತ್ತಾ ಕೂತೆ. ಬೈದಿದ್ದರೆ ವಾಸಿ ಇತ್ತು.

ಮೇಡಂ ಹತ್ತಿರ ಹೋಗುವ ಧೈರ್ಯ ಬರಲು ಸುಮಾರು ದಿನ ಹಿಡಿಯಿತು. ಒಂದು ಕೆ.ಜಿ. ಏಲಕ್ಕಿ ಕಟ್ಟಿಕೊಂಡು ಹೋಗಿದ್ದೆ, ಅದನ್ನು ಅವರು ಮುಟ್ಟಲಿಲ್ಲ. ತಪ್ಪಾಯಿತು ಅಂದೆ. ಅವರು ಕೂಗಾಡಲೂ ಇಲ್ಲ, ಪರವಾಗಿಲ್ಲ ಅಂತಲೂ ಅನ್ನಲಿಲ್ಲ. ‘ನಾನ್ಯಾಕೆ ಲಾಕ್ ಹಾಕ್ತೀನಿ ಗೊತ್ತಾ? ಹಿಂದೆ ಒಂದ್ಸಲ ನನ್ನ ಸ್ಲೈಡ್‌ಗಳನ್ನ ಯಾರೋ ಇಸ್ಕೊಂಡು ಹೋಗಿ, ಮಧ್ಯೆ ತಮ್ಮ ಔಷಧಿ ಡಬ್ಬದ ಫೋಟೋ ಸೇರಿಸಿ ಊರೂರಲ್ಲಿ ತೋರಿಸಿದ್ರು. ನಾನೇ ಶಿಫಾರಸು ಮಾಡಿದೀನಿ ಅಂತ ರೈತರು ತಗೊಂಡ್ರು. ಆಮೇಲೆ ಬೈಗುಳ ತಿಂದಿದ್ದು ನಾನು. ಈ ಲಾಕು ಗಟ್ಟಿಯಿಲ್ಲ ಅಂತ ನಂಗೂ ಗೊತ್ತು. ಅದು ನೋಡಿದ ಮೇಲಾದ್ರೂ ಒಂದು ಮಾತು ಕೇಳ್ತಾರಲ್ಲ ಅಂತ.’

ನಮ್ಮ ಕಡೆ ತೋಟದ ಬಾಯಿಗೆ ಉಣುಗೋಲು ಹಾಕಿರುತ್ತಾರಲ್ಲ, ಎರಡು ಕಂಬದ ತೂತಿಗೆ ಅಡ್ಡ ಸಿಕ್ಕಿಸಿದ ಬಿದಿರ ಗಳು, ಅದು ಕಳ್ಳನಿಗೆ ಅಂತ ಹಾಕಿದ್ದಲ್ಲ. ಕೈಯಿರುವ ಯಾರು ಬೇಕಾದರೂ ಸರಿಸಬಹುದು. ಸರಿಸಿ ಒಳಗೆ ಹೋದವನು ‘ಯಾರಿದೀರಿ?’ ಅಂತ ಕೂಗಬೇಕು, ಹೊರಗೆ ಬಂದವನು ಗಳು ವಾಪಸ್ ಸಿಕ್ಕಿಸಬೇಕು. ಚಿಕ್ಕಂದಿನಿಂದ ಅದನ್ನು ಪಾಲಿಸಿಕೊಂಡು ಬಂದವನಿಗೆ ಕಂಪ್ಯೂಟರಿನೊಳಗಿನದು ಮಾತ್ರ ಸರ್ಕಸ್ಸಾಗಿ ಕಂಡಿತ್ತು.

ಆಮೇಲೆ ಯೋಚಿಸಿದರೆ ಬೀಗ ತೆಗೆಯಬಾರದು ಅನ್ನುವ ವ್ರತವೇನೂ ನನಗೆ ಬರಲಿಲ್ಲ. ಫೈಲು ಮಾಡಿದವರೇ ಪಾಸ್‌ವರ್ಡ್ ಮರೆತು ಬರುತ್ತಾರೆ. ಸಂಘದ ಹಿಂದಿನ ಕಾರ್ಯದರ್ಶಿ ತೀರಿಕೊಂಡಾಗ ಲೆಕ್ಕಪತ್ರದ ಸ್ಲೈಡುಗಳನ್ನು ಬಿಡಿಸಿಕೊಡಬೇಕಾಯಿತು. ಅದರಲ್ಲೇನೂ ದೋಷವಿಲ್ಲ. ನನ್ನ ದೋಷ ಬೀಗ ತೆಗೆದದ್ದಕ್ಕಿಂತ ತೆಗೆದ ಗುರುತು ಉಳಿಸದೆ ಇದ್ದದ್ದರಲ್ಲಿತ್ತು. ನಮ್ಮೂರಿನ ಲೆಕ್ಕ ಅಷ್ಟು ಮುಖ್ಯ ಅನ್ನಿಸಿದ್ದರೆ ಬೇರೆ ಒಂದು ಫೈಲು ಮಾಡಿ, ನನ್ನ ಹೆಸರು ಹಾಕಿ, ದೊಡ್ಡಪ್ಪನ ಲೆಡ್ಜರಿನ ಪುಟದ ಫೋಟೋ ಹಾಕಿ ತೋರಿಸಬಹುದಿತ್ತು. ಹಾಗೆ ಮಾಡಿದ್ದರೆ ತಪ್ಪು ನನ್ನ ಹೆಸರಿನ ಕೆಳಗೆ ಇರುತ್ತಿತ್ತು. ಫೋಟೋ ನೋಡಿ ಅಲ್ಲೇ ಯಾರಾದರೂ ತಿದ್ದುತ್ತಿದ್ದರು. ಪವರ್‌ಪಾಯಿಂಟಿನಲ್ಲಿ ಡಿಜಿಟಲ್ ಸಹಿ ಅಂತಲೂ ಒಂದಿದೆ; ಸಹಿ ಹಾಕಿದ ಮೇಲೆ ಯಾರಾದರೂ ತಿದ್ದಿ ಉಳಿಸಿದರೆ ಸಹಿಯೇ ಬಿದ್ದುಹೋಗುತ್ತದೆ. ಮೇಡಂಗೆ ಅದನ್ನು ತೋರಿಸಿಕೊಟ್ಟೆ. ತಪ್ಪಿತಸ್ಥನ ಬಾಯಿಂದ ಬಂದ ಸಲಹೆಯಾದರೂ ಬರೆದುಕೊಂಡರು.

ಅವತ್ತು ಹೊರಡುವಾಗ ಮೇಡಂ ಕೇಳಿದ್ದು ಒಂದೇ: ‘ಆ ಯಜಮಾನರ ಲೆಡ್ಜರ್ ನಾನು ನೋಡಬಹುದಾ? ನೀವು ಕೇಳಿದ್ದಿದ್ರೆ ಅವತ್ತೇ ಬರ್ತಿದ್ದೆ.’

ಬಂದರು. ಮೇಲಿನಮನೆಯ ಜಗಲಿಯಲ್ಲಿ ಕೂತು ದೊಡ್ಡಪ್ಪ ಓದುತ್ತಾ ಹೋದರು, ಮೇಡಂ ಬರೆದುಕೊಳ್ಳುತ್ತಾ ಹೋದರು. ನನಗೆ ವಹಿಸಿದ ಕೆಲಸ ಅಕ್ಕಿರೊಟ್ಟಿ ತಂದುಕೊಡುವುದು. ದೊಡ್ಡಪ್ಪ ಪ್ರತಿ ಅಂಕಿಯನ್ನೂ ಬಿಡಿಸಿ ಹೇಳಿದರು, ‘ಆರಿಂಚು, ಐದು ಸೆಂಟು’ ಅಂತ, ಹೇಳುವಾಗ ಒಮ್ಮೆ ನನ್ನ ಕಡೆ ನೋಡುತ್ತಾ. ಯಾವ ವರ್ಷ ಮಳೆಮಾಪಕದ ಡಬ್ಬ ತೂತಾಗಿ ಎಷ್ಟು ದಿನದ ಲೆಕ್ಕ ತಪ್ಪಿದೆ, ಯಾವಾಗ ಅವರು ಮದುವೆಗೆ ಹೋಗಿ ತೋಟದ ರೈಟರ್ ಬರೆದದ್ದು ಅನ್ನುವುದೆಲ್ಲ ಲೆಡ್ಜರಿನ ಅಂಚಿನಲ್ಲಿ ಪೆನ್ಸಿಲಿನಲ್ಲಿತ್ತು. ತಾನು ನೋಡದ ದಿನಕ್ಕೆ ತನ್ನ ಹೆಸರು ಹಾಕಿಕೊಳ್ಳದ ಮನುಷ್ಯನ ಪುಸ್ತಕವನ್ನು ನಾನು ಅಷ್ಟು ಹಗುರವಾಗಿ ತಿರುವಿಹಾಕಿದ್ದೆ.

ಹಿಂದೆ ಹಿಂದೆ ಹೋಗುತ್ತಾ ದೊಡ್ಡಪ್ಪನ ಅಪ್ಪನ ಕೈಬರಹ ಬಂತು. ಮಸಿ ಮಾಸಿದೆ, ಆದರೆ ಅಂಕಿಗಳು ಸ್ಪಷ್ಟವಾಗಿವೆ. ಅವರೂ 4-5, 7-2 ಅಂತಲೇ ಬರೆದಿದ್ದಾರೆ. ಆದರೆ ಅವರ ಪುಟಗಳಲ್ಲಿ ಎಲ್ಲೂ 4-50 ಇಲ್ಲ. ಅಂದರೆ ಅವರ ಐದು ಐದು ಸೆಂಟೋ, ಐವತ್ತೋ? ಮೇಡಂ ದೊಡ್ಡಪ್ಪನ ಮುಖ ನೋಡಿದರು. ದೊಡ್ಡಪ್ಪ ಪುಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ‘ಅಪ್ಪನ್ನ ನಾನು ಕೇಳಲಿಲ್ಲ’ ಅಂದರು. ಆ ವರ್ಷಗಳನ್ನು ಮೇಡಂ ಬಳಸಲಿಲ್ಲ.

ಸಕಲೇಶಪುರ, ಆಲೂರು ಕಡೆಯ ಹಳೇ ತೋಟದ ಮನೆಗಳಲ್ಲಿ ಇಂಥ ಮಳೆ ಪುಸ್ತಕಗಳು ಇನ್ನೂ ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ ಇವೆ. ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಇಳಿಸಿ. ಬರೆದವರು ಬದುಕಿದ್ದರೆ ಪಕ್ಕದಲ್ಲಿ ಕೂತು, ಸೊನ್ನೆ ಎಲ್ಲಿ ಹಾಕುತ್ತಿದ್ದರು, ಎಲ್ಲಿ ಬಿಡುತ್ತಿದ್ದರು ಅಂತ ಕೇಳಿ, ಮೊದಲ ಪುಟದಲ್ಲಿ ಅವರ ಕೈಯಿಂದಲೇ ಬರೆಸಿಡಿ. ಫೋಟೋ ತೆಗೆದು ಕಂಪ್ಯೂಟರಿಗೆ ಹಾಕುವ ಕೆಲಸಕ್ಕೆ ಕರೆದರೆ ನಾನು ಬರುತ್ತೇನೆ. ಅಂಕಿ ಓದುವವರು ಮಾತ್ರ ನೀವೇ ಆಗಿರಬೇಕು.